ಸೌದೆ ರಾಶಿಯ ಅಡಿ ಸಾಲು

ನಮ್ಮ ಮನೆ ಮೂಡಿಗೆರೆಯಿಂದ ಸ್ವಲ್ಪ ಒಳಗೆ. ಅಡುಗೆಗೆ ಗ್ಯಾಸ್ ಇದೆ, ಮಾಡಿನ ಮೇಲೆ ಸೋಲಾರ್ ಕೂಡ ಇದೆ, ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲ ಮುಖವೇ ಕಾಣದ ಊರಲ್ಲಿ ಸೋಲಾರ್ ಸುಮ್ನೆ ಅಲಂಕಾರಕ್ಕೆ. ಬಚ್ಚಲ ಹಂಡೆಗೆ ಸೌದೆ ಬೇಕೇ ಬೇಕು. ಹಾಗಾಗಿ ಬೇಸಿಗೆಯಲ್ಲಿ ತೋಟದ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮುಗಿದ ಕೂಡಲೇ ಸಿಲ್ವರ್ ಓಕ್ ಕೊಂಬೆ, ಕಿತ್ತು ಹಾಕಿದ ಕಾಫಿ ಗಿಡದ ಬೊಡ್ಡೆ, ಬಿದ್ದ ನೇರಳೆ ಮರ ಏನಾದರೂ ಸಿಕ್ಕಿದರೆ ಅದು, ಎಲ್ಲ ಸೀಳಿ ಬಚ್ಚಲ ಹಿಂದಿನ ಕೊಟ್ಟಿಗೆಯಲ್ಲಿ ಜೋಡಿಸುತ್ತೇವೆ. ಅಲ್ಲಿಗೆ ಮಳೆಗಾಲಕ್ಕೆ ನಾವು ರೆಡಿ. ಇಲಿಗಳೂ ರೆಡಿ.

ಹೋದ ವರ್ಷ ಆಶ್ಲೇಷ ಮಳೆ ಹೊತ್ತಿಗೆ ಕಾಟ ಮಿತಿ ಮೀರಿತು. ಗದ್ದೆ ಬದುವಿನ ಬಿಲಗಳಿಗೆಲ್ಲ ನೀರು ನುಗ್ಗುತ್ತದೆ, ಅವು ಒಣ ಜಾಗ ಹುಡುಕಿಕೊಂಡು ಮನೆ ಕಡೆ ಬರುತ್ತವೆ, ಅದು ಪ್ರತಿ ವರ್ಷದ ಕಥೆ. ಆದರೆ ಆ ಸಲ ಪಂಪ್‌ಸೆಟ್ಟಿನ ವೈರ್ ಹೋಯಿತು, ಕೋಳಿ ಫೀಡಿನ ಚೀಲ ತೂತಾಯಿತು, ಅಮ್ಮ ಮಣ್ಣು ಹಚ್ಚಿ ಡಬ್ಬಿಯಲ್ಲಿಟ್ಟಿದ್ದ ಹಲಸಿನ ಬೀಜ ಅರ್ಧಕ್ಕರ್ಧ ಮಾಯ. ಅಮ್ಮ ಮಾತ್ರ ಇಲಿಯನ್ನು ಬೈಯಲು ಬಿಡುವುದಿಲ್ಲ. ಬೈದರೆ ಕೇಳಿಸಿಕೊಂಡು ಬಟ್ಟೆ ಕಡಿಯುತ್ತವಂತೆ. ನಾವೆಲ್ಲ ಪಿಸುಮಾತಲ್ಲಿ ಬೋನಿನ ವಿಷಯ ಮಾತಾಡಿದ್ದೂ ಆಯಿತು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಪೇಟೆಗೆ ಹೋಗಿ ಇಲಿ ಪಾಷಾಣದ ಕೇಕ್ ತಂದೆ, ಬ್ರೋಮಾಡಿಯೋಲೋನ್ ಅಂತ ಬರುತ್ತದಲ್ಲ, ಅದು. ಅದನ್ನು ತಿಂದ ಇಲಿ ಅಲ್ಲೇ ಬಿದ್ದು ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಿಷ ಅದು, ಸಾಯಲು ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಇಲಿ ವಾಪಸ್ ತನ್ನ ಗೂಡಿಗೆ ಹೋಗಿರುತ್ತದೆ. ಗೂಡು ಎಲ್ಲಿದೆ? ಎರಡು ಲೋಡ್ ಸೌದೆಯ ಅಡಿಯಲ್ಲಿ. ಒಂದು ವಾರ ಬಚ್ಚಲಿಗೆ ಮೂಗು ಮುಚ್ಚಿಕೊಂಡೇ ಹೋದೆವು, ಸ್ನಾನ ಮಾಡಿ ಬಂದರೂ ಸ್ನಾನ ಮಾಡಿದ ಹಾಗೆ ಅನಿಸುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಭಯ ಅಂದರೆ ವಿಷ ತಿಂದು ಮಂಪರಾಗಿರುವ ಇಲಿಯನ್ನು ಬೆಕ್ಕೋ ಗೂಬೆಯೋ ಹಿಡಿದು ತಿಂದರೆ ಅವಕ್ಕೂ ವಿಷ ಏರುತ್ತದೆ. ನಮಗೆ ಪುಕ್ಕಟೆ ಇಲಿ ಹಿಡಿದುಕೊಡುವವರನ್ನೇ ನಾವು ಕೊಂದ ಹಾಗೆ. ನಮ್ಮ ಬೆಕ್ಕನ್ನು ಆ ವಾರ ಪೂರ್ತಿ ರೂಮಲ್ಲಿ ಕೂಡಿ ಹಾಕಿದ್ದೆ, ಅದು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಆಮೇಲೆ ಬೋನು. ಮೂರು ರಾತ್ರಿ ಒಣಮೀನು ಸಿಕ್ಕಿಸಿ ಇಟ್ಟೆ, ಒಂದು ಸುಂಡಿಲಿ ಬಿಟ್ಟರೆ ಏನೂ ಬೀಳಲಿಲ್ಲ. ನಮ್ಮ ತೋಟದ ಮೇಸ್ತ್ರಿ ನೋಡಿ ನಕ್ಕರು. "ದೊಡ್ಡ ಇಲಿಗೆ ಹೊಸ ಸಾಮಾನು ಕಂಡ್ರೆ ಅನುಮಾನ ಅಣ್ಣ. ನಾಲ್ಕು ದಿನ ಬಾಗಿಲು ಬೀಳದ ಹಾಗೆ ಕಟ್ಟಿ ಸುಮ್ನೆ ಊಟ ಹಾಕಿ, ಐದನೇ ದಿನ ಬಿಚ್ಚಿ" ಅಂದರು. ಹಾಗೇ ಮಾಡಿದೆ. ಗೋಡೆ ಅಂಚಿಗೆ ತಾಗಿಸಿ ಇಟ್ಟೆ, ಯಾಕೆಂದರೆ ಇಲಿ ನಡುಮಧ್ಯೆ ಓಡಾಡುವುದಿಲ್ಲ, ಗೋಡೆ ಸವರಿಕೊಂಡೇ ಹೋಗುತ್ತದೆ. ಐದನೇ ರಾತ್ರಿಯಿಂದ ಬೀಳಲು ಶುರುವಾದವು. ಆದರೆ ಹಿಡಿದಷ್ಟೂ ಬರುತ್ತಿದ್ದವು. ಹೆಣ್ಣಿಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕುತ್ತವೆ. ಒಂದು ಬೋನು ಇಟ್ಟುಕೊಂಡು ಆ ಲೆಕ್ಕದ ಜೊತೆ ನಾನೆಲ್ಲಿ ಓಡಲಿ?

ಈ ವರ್ಷ ಮೇ ತಿಂಗಳಲ್ಲಿ ಹೊಸ ಸೌದೆ ತುಂಬುವ ಮೊದಲು ಹಳೇದನ್ನು ಪೂರ್ತಿ ಖಾಲಿ ಮಾಡೋಣ ಅಂದೆ. ಅಪ್ಪನಿಗೆ ಇಷ್ಟವಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಅಡಿ ಸಾಲಿನಲ್ಲಿ ದಪ್ಪ ನೇರಳೆ ತುಂಡುಗಳಿದ್ದವು, ಒಳ್ಳೆ ಕೆಂಡ ಆಗುತ್ತದೆ, ಜಡಿಮಳೆಗೆ ಇರಲಿ ಅಂತ ಅಪ್ಪ ಎತ್ತಿಟ್ಟಿದ್ದು. ಪ್ರತಿ ವರ್ಷ ಅದರ ಮೇಲೇ ಹೊಸದು ಪೇರಿಸುತ್ತಿದ್ದೆವು, ಪ್ರತಿ ವರ್ಷ ಮೇಲಿನದ್ದೇ ಉರಿಸುತ್ತಿದ್ದೆವು. ಆರೇಳು ವರ್ಷದಿಂದ ಆ ಸಾಲನ್ನು ಯಾರೂ ಅಲುಗಿಸಿಯೇ ಇರಲಿಲ್ಲ.

ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನಾವು ಅದನ್ನೇ ಮಾಡಿದೆವು, ಆದರೆ ಒಂದಲ್ಲ, ಇಡೀ ಕೇರಿಯೇ ಅಲ್ಲಿತ್ತು. ನೇರಳೆ ತುಂಡುಗಳ ನಡುವೆ ಮೂರು ಗೂಡು. ಒಂದರಲ್ಲಿ ಹಲಸಿನ ಬೀಜದ ಸಿಪ್ಪೆ, ಮಗಳ ಒಂದು ಸಾಕ್ಸ್, ಮತ್ತು ನುಣ್ಣಗೆ ಹರಿದ ಪಹಣಿಯ ಜೆರಾಕ್ಸ್. ಸರ್ಕಾರಿ ಕಾಗದ ಮೆತ್ತಗಿರುತ್ತದೆ ಅಂತ ಕಾಣುತ್ತದೆ. ಗೋಡೆಗೆ ಒತ್ತಿ ಜೋಡಿಸಿದ್ದರಿಂದ ಹಿಂದಿನ ಇಟ್ಟಿಗೆ ಸಂದಿಯಲ್ಲಿ ಹೆಗ್ಗಣದ ಬಿಲ, ನೇರ ಬಚ್ಚಲ ಮೋರಿಗೆ. ಇಲಿಗೆ ಸೌದೆ ತಿನ್ನಲು ಬೇಕಿಲ್ಲ. ಅಲುಗದ, ಒಣಗಿದ, ಕತ್ತಲ ಜಾಗ ಬೇಕು, ಹತ್ತು ಹೆಜ್ಜೆಯಲ್ಲಿ ಕೋಳಿ ಫೀಡ್ ಇದ್ದರೆ ಇನ್ನೇನು ಬೇಕು ಹೇಳಿ. ಅವಕ್ಕೆ ಮನೆ ಕಟ್ಟಿಕೊಟ್ಟವರು ನಾವೇ.

ಖಾಲಿ ಮಾಡುವಾಗ ಒಂದು ವಿಷಯ. ಇಲಿ ಹಿಕ್ಕೆಯನ್ನು ಒಣಗಿದ್ದ ಹಾಗೇ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕೈಗೆ ಗ್ಲೌಸ್, ಕಾಲಿಗೆ ಗಂಬೂಟು. ಇಲಿ ಜ್ವರ ಇಲಿಯ ಮೂತ್ರದಿಂದ ಬರುವುದು, ನಮ್ಮ ಕೈಕಾಲಿನ ಗೀರು ಗಾಯದಿಂದ ಒಳಗೆ ಹೋಗುತ್ತದೆ. ಆಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಏನಾದರೂ ಆದರೆ ಸೌದೆ ಕೊಟ್ಟಿಗೆ ಕ್ಲೀನ್ ಮಾಡಿದ್ದನ್ನು ಡಾಕ್ಟರ್‌ಗೆ ಮರೆಯದೆ ಹೇಳಿ.

ಈಗ ಕಲ್ಲು ಕಂಬ ಅಡ್ಡ ಹಾಕಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಜೋಡಿಸಿದ್ದೇವೆ, ಗೋಡೆಯಿಂದ ಒಂದಡಿ ಬಿಟ್ಟು. ಅಡಿಯಲ್ಲಿ ಬೆಕ್ಕು ನುಗ್ಗಬಹುದು, ಪೊರಕೆಯೂ ನುಗ್ಗುತ್ತದೆ. ಎಡಗಡೆಯಿಂದ ತುಂಬಿ ಎಡಗಡೆಯಿಂದಲೇ ತೆಗೆಯುವುದು, ಹಳೇದು ಮೊದಲು ಹಂಡೆಗೆ. ಫೀಡು ಮುಚ್ಚಳದ ತಗಡಿನ ಡ್ರಮ್ಮಿಗೆ ಹೋಯಿತು. ಇಟ್ಟಿಗೆ ಸಂದಿಗೆ ಸಿಮೆಂಟ್ ಮೆತ್ತಿದೆವು, ಸುಂಡಿಲಿಗೆ ಪೆನ್ಸಿಲ್ ತೂರುವಷ್ಟು ಜಾಗ ಸಾಕಂತೆ. ಇಲಿ ಪೂರ್ತಿ ಹೋಗಿದೆಯಾ ಅಂದರೆ ಇಲ್ಲ, ಮಲೆನಾಡಲ್ಲಿ ಅದು ಆಗದ ಮಾತು. ಬೋನಿಗೆ ವಾರಕ್ಕೊಂದು ಬೀಳುತ್ತದೆ, ಅಷ್ಟೇ.

ಮೊನ್ನೆ ಆ ಕಲ್ಲು ಕಂಬದ ಅಡಿಯಲ್ಲಿ ಕೇರೆ ಹಾವಿನ ಪೊರೆ ಸಿಕ್ಕಿತು, ನನ್ನ ಎತ್ತರಕ್ಕೆ ಇತ್ತು. ನನಗೆ ಖುಷಿಯೇ ಆಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ. ನೇರಳೆ ತುಂಡುಗಳು ಏನಾದವು ಅಂತ ಕೇಳಿದರೆ, ಅಪ್ಪ ಅವನ್ನು ಹೊತ್ತುಕೊಂಡು ಹೋಗಿ ಕಾರ್ ಶೆಡ್ಡಿನ ಮೂಲೆಯಲ್ಲಿ ಜೋಡಿಸಿದ್ದಾರೆ, ಜಡಿಮಳೆಗೆ ಇರಲಿ ಅಂತ.