ಚಾರ್‌ಮಿನಾರ್ ರೂಪಾಯಿ

ಇವತ್ತು ದೊಡ್ಡಮ್ಮನ ಜೊತೆ ರಾಯಚೂರಿನಲ್ಲಿ ಪತ್ತಾರರ ಅಂಗಡಿಗೆ ಹೋಗಿದ್ದೆ. ಬೆಳ್ಳಿ ರೇಟು ಏರಿದೆಯಲ್ಲ, ಟ್ರಂಕಿನಲ್ಲಿದ್ದ ಹಳೇ ರೂಪಾಯಿಗಳನ್ನು ಕರಗಿಸಿ ಮೊಮ್ಮಗಳಿಗೆ ಕಾಲ್ಗೆಜ್ಜೆ ಮಾಡಿಸಬೇಕಂತೆ.

ತಕ್ಕಡಿಗೆ ಬಿದ್ದ ಮೇಲೆ ರಾಜನೂ ಇಲ್ಲ, ರಾಣಿಯೂ ಇಲ್ಲ. ಬರೀ ಗ್ರಾಂ.

ಆ ಗ್ರಾಂ ಲೆಕ್ಕವೂ ಮಜಾ ಇದೆ. ಬ್ರಿಟಿಷರ ರೂಪಾಯಿ 11.66 ಗ್ರಾಂ. ಅದರಲ್ಲಿ ಬೆಳ್ಳಿ ನೂರಕ್ಕೆ 91.7 ಇತ್ತು. 1940ರಲ್ಲಿ ಅರ್ಧಕ್ಕೆ ಇಳಿಸಿಬಿಟ್ಟರು. ತೂಕ ಮಾತ್ರ ಅಷ್ಟೇ! ನಮ್ಮ ಹೈದರಾಬಾದ್ ನಿಜಾಮರದ್ದೇ ಬೇರೆ ರೂಪಾಯಿ ಇತ್ತು, ಅದಕ್ಕೆ ‘ಹಾಲಿ ಸಿಕ್ಕಾ’ ಅಂತ ಹೆಸರು. ಅದರಲ್ಲಿ ಬೆಳ್ಳಿ ನೂರಕ್ಕೆ 81.8.

ನಾನಂತೂ ಆ ಹಾಲಿ ಸಿಕ್ಕಾ ಹಿಡಿದು ಕೂತುಬಿಟ್ಟೆ. ಮೇಲೆ ಚಾರ್‌ಮಿನಾರ್. ಅದರ ಕಮಾನಿನ ಬಾಗಿಲೊಳಗೆ ಪುಟ್ಟದೊಂದು ಉರ್ದು ಅಕ್ಷರ, ನಿಜಾಮರ ಹೆಸರಿನ ಮೊದಲನೆಯದು. ‘ಮೀಮ್’ ಇದ್ದರೆ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನರದ್ದು. 1911ರಲ್ಲಿ ನಿಜಾಮರು ಬದಲಾದರು, ಬಾಗಿಲೊಳಗಿನ ಅಕ್ಷರವೂ ಬದಲಾಯಿತು. ನಮ್ಮದರಲ್ಲಿ ಐನ್ ಇತ್ತು. ಸವೆದಿದ್ದರೂ ಕಾಣುತ್ತಿತ್ತು.

“ಇದನ್ನ ಕೊಡಬ್ಯಾಡ ದೊಡ್ಡಮ್ಮ” ಅಂದೆ.

“ಇಟ್ಕೊಂಡು ಏನ್ ಮಾಡ್ತಿ? ಗೆಜ್ಜಿ ಮಾಡಿಸಿದ್ರ ಕೂಸು ಹಾಕ್ಕೊಂತದ.”

ಅವಳ ಮಾತೂ ಸರಿಯೇ ಅಲ್ವಾ? ಜಾರ್ಜ್ ರಾಜನ ಸವೆದ ರೂಪಾಯಿಗಳು ಬೇಕಾದಷ್ಟು ಸಿಗುತ್ತವೆ, ಕೋಟಿಗಟ್ಟಲೆ ಟಂಕಿಸಿದ್ದರು. ಅವು ಗೆಜ್ಜೆಯಾದರೆ ನನಗೇನೂ ಬೇಜಾರಿಲ್ಲ. ಚಾರ್‌ಮಿನಾರಿನದ್ದನ್ನು ಮಾತ್ರ ತೂಕದ ರೇಟಿಗೆ ನಾನೇ ತಗೊಂಡೆ. ದೊಡ್ಡಮ್ಮ ಒಂದು ರೂಪಾಯಿಯನ್ನೂ ಬಿಡಲಿಲ್ಲ ಬಿಡಿ.

ಅಂದಹಾಗೆ, ನಿಮ್ಮ ಮನೆಯಲ್ಲೂ ಇಂಥವು ಇದ್ದರೆ ಪೂಜೆಗೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕಡಿಮೆ ಮಾಡುತ್ತಾರೆ. ಕರಗಿಸೋದೇ ಆದರೆ ಹೇಗಿದ್ದರೂ ನಡೆಯುತ್ತದೆ.