ಮಲೇಷ್ಯಾ ಪ್ರವಾಸ: ವಿಮಾನ ಇಳಿದವರೇ ಮೊದಲು ಮಲಾಕಾಗೆ ಹೋಗಿ

ನಾವು ನಕ್ಷೆಯನ್ನು ಸರಿಯಾಗಿ ನೋಡಲಿಲ್ಲ. ಮೊದಲ ಎಡವಟ್ಟು ಅದೇ. ಕೌಲಾಲಂಪುರದ ವಿಮಾನ ನಿಲ್ದಾಣ ಊರಲ್ಲಿಲ್ಲ. ಊರಿಂದ 50 ಕಿಲೋಮೀಟರ್‌ಗೂ ಜಾಸ್ತಿ ದೂರ, ದಕ್ಷಿಣಕ್ಕೆ, ಸೆಪಾಂಗ್ ಅನ್ನುವಲ್ಲಿದೆ. ಹಳೇ ಬಂದರು ಊರಾದ ಮಲಾಕಾ ಇರುವುದೂ ದಕ್ಷಿಣಕ್ಕೇ. ವಿಮಾನ ನಿಲ್ದಾಣದಿಂದಲೇ ಮಲಾಕಾಗೆ ನೇರ ಬಸ್ ಸಿಗುತ್ತದೆ. ಇದು ಗೊತ್ತಿಲ್ಲದೆ ನಾವು ಉತ್ತರಕ್ಕೆ ಊರೊಳಗೆ ಹೋದೆವು. ಮೂರು ರಾತ್ರಿ ಕಳೆದು ದಕ್ಷಿಣಕ್ಕೆ ಮಲಾಕಾಗೆ ಬಂದೆವು. ಆಮೇಲೆ ಪೆನಾಂಗ್ ದ್ವೀಪಕ್ಕೆ ಅಂತ ಮತ್ತೆ ಉತ್ತರಕ್ಕೆ ಹೊರಟೆವು. "ನಾವೇನು ಪ್ರದಕ್ಷಿಣೆ ಹಾಕೋಕೆ ಬಂದಿದ್ದೀವಾ?" ಅಂದಳು ಹೆಂಡತಿ. ನಿಮ್ಮ ಮನೆಯಲ್ಲಿ ಈ ಮಾತು ಬರದಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ನಾವು ಹೋದದ್ದು ನಾಲ್ಕು ಜನ: ನಾನು, ಹೆಂಡತಿ, ಹತ್ತು ವರ್ಷದ ಮಗಳು, ಮಂಡಿ ನೋವಿನ ಅಮ್ಮ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಜುಲೈ ತಿಂಗಳು, ಎಂಟು ರಾತ್ರಿ. ಟ್ರಾವೆಲ್ ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಥೀಮ್ ಪಾರ್ಕ್, ಕೇಬಲ್ ಕಾರ್, ಶಾಪಿಂಗ್ ಮಾಲ್ ಇವೇ ಇದ್ದವು. ಮಾಲ್ ನೋಡಲು ಸಮುದ್ರ ದಾಟಬೇಕೇ? ಮಲಯರು, ಚೀನೀಯರು, ತಮಿಳರು ಒಂದೇ ಬೀದಿಯಲ್ಲಿ ತಲೆಮಾರುಗಳಿಂದ ಬಾಳಿದ ದೇಶ ಅದು. ಆ ಬೀದಿಗಳಲ್ಲಿ ಸುಮ್ನೆ ನಡೆದಾಡುವುದೇ ಅಲ್ಲಿಯ ದೊಡ್ಡ ಆಕರ್ಷಣೆ ಅಂತ ನನಗನ್ನಿಸಿತು.

ಹೊರಡುವ ಮುಂಚಿನ ಕೆಲಸ ಜಾಸ್ತಿ ಇಲ್ಲ. ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ. 2023ರ ಡಿಸೆಂಬರ್‌ನಲ್ಲಿ ಶುರುವಾದ ಈ ಅನುಕೂಲವನ್ನು 2026ರ ಕೊನೆಯವರೆಗೆ ವಿಸ್ತರಿಸಿದ್ದಾರೆ. ಆದರೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಲೇಬೇಕು, ಅದೂ ಇಳಿಯುವ ಮೊದಲಿನ ಮೂರು ದಿನದೊಳಗೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ, ಅದು ಸರ್ಕಾರದ್ದಲ್ಲ. ಪ್ಲಗ್ಗು ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನದು, ಅಡಾಪ್ಟರ್ ಇಟ್ಟುಕೊಳ್ಳಿ. ಗಡಿಯಾರ ಎರಡೂವರೆ ಗಂಟೆ ಮುಂದೆ. ಒಂದು ರಿಂಗಿಟ್ ಅಂದರೆ 20 ರೂಪಾಯಿಗೆ ಮೇಲೆ ಅಂತ ಲೆಕ್ಕ ಹಾಕಿ. ಹೋಟೆಲಿನಲ್ಲಿ ವಿದೇಶಿಯರಿಂದ ಒಂದು ಕೋಣೆಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ತೆಗೆದುಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ಪೂರ್ತಿ ಕಟ್ಟಿದ್ದೇನಲ್ಲ ಅಂತ ಕೌಂಟರಿನಲ್ಲಿ ನಾನು ವಾದಕ್ಕಿಳಿದು ಮುಖ ಕೆಂಪಗೆ ಮಾಡಿಕೊಂಡೆ. ನೀವು ಹಾಗೆ ಮಾಡಬೇಡಿ.

ಈಗ ಮಲಾಕಾ. ಬಸ್ಸು ನಮ್ಮನ್ನು ಇಳಿಸುವ ಮಲಾಕಾ ಸೆಂಟ್ರಲ್‌ನಿಂದ ಹಳೇ ಊರು ಕೆಲವು ಕಿಲೋಮೀಟರ್ ದೂರ, ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆಸಿಕೊಳ್ಳಿ. ಹಳೇ ಊರು ಚಿಕ್ಕದು, ಅಲ್ಲಿಂದ ಮುಂದೆ ಕಾಲೇ ವಾಹನ. ಪೋರ್ಚುಗೀಸರು ಈ ಊರನ್ನು ಹಿಡಿದದ್ದು 1511ರಲ್ಲಿ. ಹಿಡಿದವನು ಅಲ್ಬುಕರ್ಕ್, ಅದರ ಹಿಂದಿನ ವರ್ಷವಷ್ಟೇ ಗೋವಾ ಗೆದ್ದವನು. 1641ರಲ್ಲಿ ಡಚ್ಚರು ಬಂದರು, 1824ರಲ್ಲಿ ಬ್ರಿಟಿಷರು. ಕೆಂಪು ಬಣ್ಣದ ಚೌಕದಲ್ಲಿರುವ ಕ್ರೈಸ್ಟ್ ಚರ್ಚ್ 1753ರದು, ಡಚ್ಚರ ಕೆಲಸ. ಎಲ್ಲರೂ ಫೋಟೋ ತೆಗೆಯುವ ಜಾಗ ಅದು. ಅಲ್ಲಿಯ ಸೈಕಲ್ ರಿಕ್ಷಾಗಳಿಗೆ ಮೈತುಂಬ ಕಾರ್ಟೂನ್ ಬೊಂಬೆ, ಜೊತೆಗೆ ಕಿವಿ ಹರಿಯುವಷ್ಟು ಹಾಡು. ಮಗಳಿಗೆ ಸ್ವರ್ಗ, ನನಗೆ ತಲೆನೋವು. ಹತ್ತುವ ಮೊದಲು ದರ ಮಾತಾಡಿಕೊಳ್ಳಿ.

ಪಕ್ಕದ ಸೇಂಟ್ ಪಾಲ್ಸ್ ಗುಡ್ಡವನ್ನು ಬಿಡಬೇಡಿ. ಮೇಲೆ ಚಾವಣಿಯಿಲ್ಲದ ಹಳೇ ಇಗರ್ಜಿಯ ಗೋಡೆಗಳಿವೆ. ಗೋವಾದಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ದೇಹ ಇಟ್ಟಿದ್ದಾರಲ್ಲ, ಅದನ್ನು ಗೋವಾಕ್ಕೆ ಸಾಗಿಸುವ ಮೊದಲು 1553ರಲ್ಲಿ ಕೆಲವು ತಿಂಗಳು ಇಟ್ಟಿದ್ದದ್ದು ಇಲ್ಲೇ. ಗುಡ್ಡದ ಇನ್ನೊಂದು ಬದಿಗೆ ಇಳಿದರೆ ಪೋರ್ಚುಗೀಸ್ ಕೋಟೆಯ ಒಂದೇ ಒಂದು ಬಾಗಿಲು ಉಳಿದಿದೆ. ಉಳಿದ ಕೋಟೆಯನ್ನು ಬ್ರಿಟಿಷರು ಕೆಡವಿದರು.

ನಾನು ಎರಡು ಸಲ ಹೋದದ್ದು ಮಾತ್ರ ನದಿಯ ಆಚೆ ಬದಿಯ ಬೀದಿಗೆ. ಐದು ನಿಮಿಷದ ನಡಿಗೆಯೊಳಗೆ ಮೂರು ಗುಡಿಗಳು. 1781ರ ಪೊಯ್ಯಾತ ವಿನಾಯಗರ್ ಗುಡಿ. ನಾಲ್ಕು ಹೆಜ್ಜೆಗೆ 1748ರ ಕಂಪುಂಗ್ ಕ್ಲಿಂಗ್ ಮಸೀದಿ. ಅದಕ್ಕೆ ಗುಮ್ಮಟವಿಲ್ಲ, ಮೂರು ಅಂತಸ್ತಿನ ಹಂಚಿನ ಮಾಡು ಇದೆ, ಮಿನಾರು ಚೀನೀ ಗೋಪುರದ ಹಾಗಿದೆ. ಸ್ವಲ್ಪ ಮುಂದೆ 17ನೇ ಶತಮಾನದ ಚೆಂಗ್ ಹೂನ್ ತೆಂಗ್ ಅನ್ನುವ ಚೀನೀ ಗುಡಿ, ಒಳಗೆ ಊದುಬತ್ತಿಯ ಹೊಗೆಯೋ ಹೊಗೆ. ಅಮ್ಮ ಮಸೀದಿಯನ್ನು ನೋಡಿ, "ಇದು ನಮ್ಮ ಕರಾವಳಿ ಕಡೆ ದೇವಸ್ಥಾನದ ಮಾಡಿನ ಹಾಗೇ ಇದೆಯಲ್ಲೋ" ಅಂದರು. ವಿನಾಯಗರ್ ಗುಡಿ ನೋಡಿಕೊಳ್ಳುವುದು ಚಿಟ್ಟಿ ಸಮುದಾಯದವರು. ಪೋರ್ಚುಗೀಸರಿಗೂ ಮುಂಚಿನ ಸುಲ್ತಾನರ ಕಾಲದಲ್ಲಿ ವ್ಯಾಪಾರಕ್ಕೆ ಬಂದ ತಮಿಳರು ಇಲ್ಲೇ ಮದುವೆಯಾಗಿ ನೆಲೆಸಿದರು, ಇವರು ಅವರ ವಂಶದವರು. ಮನೆಮಾತು ಮಲಯ, ಪೂಜೆ ಗಣಪತಿಗೆ. ಅಮ್ಮನಿಗೆ ಇದನ್ನು ನಂಬಿಸಲು ಸ್ವಲ್ಪ ಹೊತ್ತೇ ಹಿಡಿಯಿತು.

ಜೋಂಕರ್ ಬೀದಿಯ ರಾತ್ರಿ ಸಂತೆ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ. ಸಂತೆ ಬೇಕು ಅನ್ನುವವರು ಆಗ ಹೋಗಿ. ಆದರೆ ಆಗ ಜನಜಂಗುಳಿ, ಕೋಣೆಯ ಬಾಡಿಗೆಯೂ ಜಾಸ್ತಿ. ನನ್ನನ್ನು ಕೇಳಿದರೆ ಬುಧವಾರ, ಗುರುವಾರ ವಾಸಿ. ಬೆಳಿಗ್ಗೆ ಏಳಕ್ಕೆ ಎದ್ದು ಬೀದಿ ಸುತ್ತಿ. ಹತ್ತರ ಮೇಲೆ ಬಿಸಿಲಲ್ಲ ಅದು, ಹಬೆ. ಬೆವರು ಆರುವುದೇ ಇಲ್ಲ.

ಬಸ್ಸಿನಲ್ಲಿ ಮಗಳಿಗೆ ಒಂದು ಆಟ ಸಿಕ್ಕಿತು. ಮಲಯ ಭಾಷೆಯನ್ನು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ, ಹಾಗಾಗಿ ಬೋರ್ಡ್ ಓದಬಹುದು. ಕರೆಂಟ್ ಪೆಟ್ಟಿಗೆಯ ಮೇಲೆ 'ಬಹಾಯ' ಅಂತ ಇತ್ತು. ಅಪಾಯ ಅಂತ ಅರ್ಥ, ನಮ್ಮ 'ಭಯ'ವೇ. ಭಾಷೆಗೆ 'ಬಹಾಸ', ಗಂಡನಿಗೆ 'ಸುವಾಮಿ', ಹೆಂಡತಿಗೆ 'ಇಸ್ತ್ರಿ', ಉಪವಾಸಕ್ಕೆ 'ಪುವಾಸ'. ಎಲ್ಲಕ್ಕಿಂತ ಚೆಂದದ್ದು 'ಸೆಂಗ್ಸಾರ'. ಸಂಸಾರದಿಂದ ಬಂದ ಪದ, ಅಲ್ಲಿ ಅದಕ್ಕೆ ಕಷ್ಟ, ಯಾತನೆ ಅಂತ ಅರ್ಥ. ನಾನು ನಕ್ಕೆ. ಪಕ್ಕದಲ್ಲಿದ್ದವರು ನಗಲಿಲ್ಲ.

ಕೌಲಾಲಂಪುರಕ್ಕೆ ಎರಡು ಪೂರ್ತಿ ದಿನ ಸಾಕು. ಇರುವುದಾದರೆ ಕೆಎಲ್ ಸೆಂಟ್ರಲ್ ರೈಲು ನಿಲ್ದಾಣದ ಹತ್ತಿರ ಬ್ರಿಕ್‌ಫೀಲ್ಡ್ಸ್‌ನಲ್ಲಿ ಇರಿ. ರೈಲುಗಳೆಲ್ಲ ಅಲ್ಲಿಗೇ ಬರುತ್ತವೆ, ಬಾಳೆ ಎಲೆ ಊಟವೂ ಸಿಗುತ್ತದೆ. ಪೆಟ್ರೋನಾಸ್ ಅವಳಿ ಗೋಪುರದ ಎತ್ತರ 452 ಮೀಟರ್, 88 ಅಂತಸ್ತು. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಬೇಕು, ಸೋಮವಾರ ರಜೆ. ನಾವು ಹತ್ತಲಿಲ್ಲ. ಗೋಪುರದೊಳಗೆ ನಿಂತರೆ ಗೋಪುರ ಕಾಣುವುದಿಲ್ಲ ಅಲ್ವಾ? ಸಂಜೆ ಹಿಂದಿನ ಪಾರ್ಕಿನಲ್ಲಿ ಕೂತರೆ ದೀಪ, ಕಾರಂಜಿ ಎಲ್ಲ ಪುಕ್ಕಟೆ.

ಮುರುಗನ ಗುಡಿ ಇರುವ ಬಾಟು ಗುಹೆಗೆ ಕೆಎಲ್ ಸೆಂಟ್ರಲ್‌ನಿಂದ ಕೊಮ್ಯೂಟರ್ ರೈಲು ಬಾಗಿಲವರೆಗೂ ಹೋಗುತ್ತದೆ. ಟ್ಯಾಕ್ಸಿ ಬೇಡ. ಬೆಳಿಗ್ಗೆ ಎಂಟರೊಳಗೆ ಅಲ್ಲಿರಿ. ಮುರುಗನ ಬಂಗಾರ ಬಣ್ಣದ ಮೂರ್ತಿ 140 ಅಡಿ ಎತ್ತರ, 2006ರಲ್ಲಿ ನಿಂತದ್ದು. ಮೆಟ್ಟಿಲು 272. 2018ರಲ್ಲಿ ಅವಕ್ಕೆ ಬಣ್ಣ ಬಳಿದ ಮೇಲೆ ಫೋಟೋದವರೇ ಜಾಸ್ತಿ. ಮಂಡಿ ಕಾಣುವ ಬಟ್ಟೆ ಹಾಕಿದ್ದರೆ ಕೆಳಗೆ ಸುತ್ತಿಕೊಳ್ಳಲು ಬಟ್ಟೆ ಬಾಡಿಗೆಗೆ ಕೊಡುತ್ತಾರೆ. ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಗೊತ್ತು. ಮಗಳ ಕೈಯ ಜ್ಯೂಸ್ ಬಾಟಲಿ ಮೂವತ್ತನೇ ಮೆಟ್ಟಿಲು ಮುಟ್ಟುವ ಮೊದಲೇ ಹೋಯಿತು. ಅಮ್ಮ ಹತ್ತಲಿಲ್ಲ. ಮಂಡಿ ನೋವಿನವರಿಗೆ ಒಂದು ಒಳ್ಳೇ ಬದಲಿ ಇದೆ: ರೈಲು ನಿಲ್ದಾಣದ ಪಕ್ಕದಲ್ಲೇ, ದೊಡ್ಡ ಹನುಮಂತನ ಮೂರ್ತಿಯ ಬಳಿ, ರಾಮಾಯಣ ಗುಹೆ. ಟಿಕೆಟ್ ಇದೆ. ಒಳಗೆ ಮಲಗಿರುವ ಭಾರಿ ಕುಂಭಕರ್ಣನನ್ನು ಎಬ್ಬಿಸುವ ದೃಶ್ಯ ಮಾಡಿಟ್ಟಿದ್ದಾರೆ. ನಾವು ಕಾಲು ಎಳೆದುಕೊಂಡು ಇಳಿದು ಬಂದಾಗ ಅಮ್ಮ ಅದನ್ನು ನೋಡಿ ಬಂದು ಎಳನೀರು ಕುಡಿಯುತ್ತಾ ಕೂತಿದ್ದರು. ಮುರುಗನ ತೈಪೂಸಂ ಹಬ್ಬ ಜನವರಿ ಇಲ್ಲವೇ ಫೆಬ್ರವರಿಯಲ್ಲಿ ಬರುತ್ತದೆ. ಆಗ ಲಕ್ಷಗಟ್ಟಲೆ ಜನ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಆ ವಾರ ತಪ್ಪಿಸಿ.

ಊರೊಳಗೆ ಮಸ್ಜಿದ್ ಜಾಮೆಕ್ ನೋಡಿ. ಕೌಲಾಲಂಪುರ ಅಂದರೆ ಕೆಸರಿನ ಸಂಗಮ. ಆ ಎರಡು ನದಿ ಕೂಡುವ ಮೂಲೆಯಲ್ಲೇ ಈ ಮಸೀದಿ ಇರುವುದು. ನಮಾಜಿನ ಹೊತ್ತು, ಅದರಲ್ಲೂ ಶುಕ್ರವಾರ ಮಧ್ಯಾಹ್ನ, ಪ್ರವಾಸಿಗರಿಗೆ ಪ್ರವೇಶವಿಲ್ಲ. ಮೈಮುಚ್ಚುವ ನಿಲುವಂಗಿ ಅವರೇ ಕೊಡುತ್ತಾರೆ.

ಪೆನಾಂಗ್‌ಗೆ ಹೋಗಲು ಇಟಿಎಸ್ ಅನ್ನುವ ವೇಗದ ಎಲೆಕ್ಟ್ರಿಕ್ ರೈಲು ಎಲ್ಲಕ್ಕಿಂತ ಚೆನ್ನ. ಕೌಲಾಲಂಪುರದಿಂದ ಬಟರ್‌ವರ್ತ್‌ಗೆ, ಅಂದರೆ ದ್ವೀಪದ ಎದುರಿನ ದಡದ ಊರಿಗೆ, ಸುಮಾರು ನಾಲ್ಕು ಗಂಟೆ. ನಾನು ಶನಿವಾರದ ರೈಲಿಗೆ ಶುಕ್ರವಾರ ಟಿಕೆಟ್ ಹುಡುಕಿದೆ. ಒಂದೂ ಇರಲಿಲ್ಲ. ಬಸ್ಸಿನಲ್ಲಿ ಹೋದೆವು, ವಾರಾಂತ್ಯದ ಟ್ರಾಫಿಕ್‌ನಲ್ಲಿ ಆರೂವರೆ ಗಂಟೆ. ಟಿಕೆಟನ್ನು ಮನೆಯಿಂದಲೇ ತೆಗೆದಿಡಿ. ಬಟರ್‌ವರ್ತ್‌ನಿಂದ ದ್ವೀಪಕ್ಕೆ ಟ್ಯಾಕ್ಸಿ ಮಾಡಬೇಡಿ, ದೋಣಿ ಹತ್ತಿ. ನಿಲ್ದಾಣದಿಂದ ನಡೆದೇ ಹೋಗಬಹುದು, ಖರ್ಚು ಬಹಳ ಕಡಿಮೆ. ದ್ವೀಪದ ಮುಖ್ಯ ಊರಾದ ಜಾರ್ಜ್ ಟೌನ್ ನೀರಿನ ಕಡೆಯಿಂದ ನಿಧಾನಕ್ಕೆ ಹತ್ತಿರವಾಗುವುದನ್ನು ನೋಡುತ್ತಾ ಬಸ್ಸಿನ ಸಿಟ್ಟು ಇಳಿಯಿತು.

ಜಾರ್ಜ್ ಟೌನ್ ಮತ್ತು ಮಲಾಕಾ ಎರಡೂ 2008ರಲ್ಲಿ ಒಟ್ಟಿಗೇ ಯುನೆಸ್ಕೊ ಪಟ್ಟಿಗೆ ಸೇರಿದ ಊರುಗಳು. ಒಂದನ್ನು ನೋಡಿದ ಮೇಲೆ ಇನ್ನೊಂದು ಯಾಕೆ ಅಂತ ಕೇಳಬಹುದು. ಮಲಾಕಾ ಈಗ ಹೆಚ್ಚು ಪ್ರವಾಸಿಗರ ಊರು. ಜಾರ್ಜ್ ಟೌನ್‌ನಲ್ಲಿ ಜನರ ದಿನದ ಬದುಕೇ ಬೀದಿಯಲ್ಲಿ ನಡೆಯುತ್ತದೆ. ಇಲ್ಲಿ ಮೂರು ರಾತ್ರಿ ಕೊಡಿ. ಕಪಿತಾನ್ ಕೆಲಿಂಗ್ ಮಸೀದಿಯ ಬೀದಿಯಲ್ಲಿ ಆ ಮಸೀದಿ, ಚೀನೀಯರ ಕರುಣಾದೇವಿಯ ಗುಡಿ, ಇಂಗ್ಲಿಷರ ಸೇಂಟ್ ಜಾರ್ಜ್ ಚರ್ಚ್ ಸಾಲಾಗಿವೆ. ಪಕ್ಕದ ರಸ್ತೆಯಲ್ಲಿ 1833ರ ಮಹಾಮಾರಿಯಮ್ಮನ್ ಗುಡಿ. ಸಂಜೆ ಏಳರಿಂದ ಎಂಟರವರೆಗೆ ಈ ದಾರಿಯಲ್ಲಿ ನಿಲ್ಲಿ. ಒಂದು ಕಡೆ ಗಂಟೆ, ಇನ್ನೊಂದು ಕಡೆ ಬಾಂಗು, ನಡುವೆ ಹೂ ಮಾರುವವರು, ಊದುಬತ್ತಿ ಮಾರುವವರು. ನಾವು ಮೂರು ಸಂಜೆಯೂ ಅಲ್ಲೇ ಇದ್ದೆವು.

ಗೋಡೆ ಚಿತ್ರಗಳನ್ನು ಹುಡುಕುವುದು ಮಕ್ಕಳಿಗೆ ಒಳ್ಳೇ ಕೆಲಸ. ಅರ್ಮೇನಿಯನ್ ಬೀದಿಯ ಗೋಡೆಯಲ್ಲಿ ಬಣ್ಣದ ಮಕ್ಕಳು ನಿಜವಾದ ಸೈಕಲ್ ಮೇಲೆ ಕೂತಿದ್ದಾರೆ. 2012ರಲ್ಲಿ ಲಿಥುವೇನಿಯಾದ ಕಲಾವಿದನೊಬ್ಬ ಬರೆದದ್ದು. ಫೋಟೋಗೆ ಸಾಲು ಇರುತ್ತದೆ, ಬೆಳಿಗ್ಗೆಯೇ ಹೋಗಿ. ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ಚ್ಯೂ ಜೆಟ್ಟಿಯಲ್ಲಿ ಜನ ಈಗಲೂ ಸಂಸಾರ ಮಾಡುತ್ತಿದ್ದಾರೆ. ಮನೆಯೊಳಗೆ ಇಣುಕಿ ಫೋಟೋ ತೆಗೆಯಬೇಡಿ. ನಮ್ಮ ಮುಂದೆಯೇ ಒಬ್ಬರು ಹಾಗೆ ಮಾಡಿ ಒಬ್ಬ ಅಜ್ಜಿಯಿಂದ ಬೈಸಿಕೊಂಡರು. ಭಾಷೆ ಬಾರದಿದ್ದರೂ ನಮಗೆಲ್ಲ ಅರ್ಥವಾಯಿತು.

ಏರ್ ಇಟಾಮ್‌ನ ಕೆಕ್ ಲೋಕ್ ಸಿ ಬೌದ್ಧ ದೇವಾಲಯಕ್ಕೆ ಅರ್ಧ ದಿನ ಇಡಿ. ಅಲ್ಲಿಯ ಏಳು ಅಂತಸ್ತಿನ ಗೋಪುರ ಮುಗಿದದ್ದು 1930ರಲ್ಲಿ. ಬುಡ ಚೀನೀ, ನಡು ಥಾಯ್, ತುದಿ ಬರ್ಮಾ ಶೈಲಿ. ಮೆಟ್ಟಿಲು ಇಲ್ಲೂ ಬಹಳ. ಪೆನಾಂಗ್ ಗುಡ್ಡದ ಹಳಿ ಬಂಡಿ ಅಲ್ಲಿಂದ ಹತ್ತಿರ. ಹತ್ತುವ ಐದಾರು ನಿಮಿಷ ಮಜಾ, ಆದರೆ ಭಾನುವಾರದ ಸಾಲಿನಲ್ಲಿ ಒಂದೂವರೆ ಗಂಟೆ ನಿಂತದ್ದು ಮಜಾ ಅಲ್ಲ.

ಸಸ್ಯಾಹಾರಿಗಳು ಸ್ವಲ್ಪ ಹುಷಾರಾಗಿರಬೇಕು. 'ಸಾಯುರ್' ಅಂದರೆ ತರಕಾರಿ, ಆದರೆ ಅದನ್ನು 'ಬೆಲಾಚನ್' ಹಾಕಿ ಹುರಿದಿರಬಹುದು. ಅದು ಸೀಗಡಿ ಅರೆದು ಮಾಡಿದ್ದು. ಸಂಬಾಲ್ ಚಟ್ನಿಯಲ್ಲೂ ಅದಿರುತ್ತದೆ. ರೋಟಿ ಚನಾಯ್ ನಮ್ಮ ಪರೋಟದ ತಮ್ಮ, ಜೊತೆಗೆ ಮೀನಿನ ಸಾರು ಸುರಿದುಬಿಡುತ್ತಾರೆ. 'ದಾಲ್ ಸಾಜ' ಅಂತ ಹೇಳಿ, ಬೇಳೆ ಸಾರು ಮಾತ್ರ ಅಂತ. 'ತಾಕ್ ಮೌ ಇಕಾನ್, ತಾಕ್ ಮೌ ಉದಾಂಗ್' ಅಂದರೆ ಮೀನು ಬೇಡ, ಸೀಗಡಿ ಬೇಡ. ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲುಗಳನ್ನು ನಂಬಬಹುದು. ಆದರೆ ಅಲ್ಲಿ ಸೋಯಾದಲ್ಲಿ ಮೀನಿನ ಆಕಾರ ಮಾಡಿ ಬಡಿಸುತ್ತಾರೆ. ಅಮ್ಮ ತಟ್ಟೆ ದೂರ ತಳ್ಳಿ, "ಆಕಾರ ಆದರೂ ಯಾಕಪ್ಪಾ?" ಅಂದರು. ಅವರು ಎರಡು ಸಲ ಕೇಳಿ ತಿಂದದ್ದು ಚೆಂಡೋಲ್: ತೆಂಗಿನ ಹಾಲು, ಬೆಲ್ಲದ ಪಾಕ, ಹಸಿರು ಶ್ಯಾವಿಗೆ, ಪುಡಿ ಮಂಜುಗಡ್ಡೆ. ಜುಲೈ ಡುರಿಯನ್ ಕಾಲ. ಹಣ್ಣು ನೋಡಲು ಹಲಸಿನ ಹಾಗೆ, ವಾಸನೆ ಮಾತ್ರ ಬೇರೆ ಜಾತಿ. ತಿನ್ನುವುದಾದರೆ ಬೀದಿಯಲ್ಲೇ ತಿನ್ನಿ, ಹೋಟೆಲ್ ಕೋಣೆಗೆ ತಂದರೆ ದಂಡ ಹಾಕುತ್ತಾರೆ. ಮ್ಯಾಂಗೊಸ್ಟೀನ್ ಮಾತ್ರ ಕಂಡಲ್ಲಿ ಕೊಳ್ಳಿ.

ಬಿಟ್ಟ ಜಾಗಗಳ ಬಗ್ಗೆಯೂ ಎರಡು ಮಾತು. ಪೂರ್ವ ಕರಾವಳಿಯ ಪೆರ್ಹೆಂಟಿಯನ್, ರೆದಾಂಗ್ ದ್ವೀಪಗಳಿಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಬೇಡಿ, ಮಳೆಗೆ ಹೆಚ್ಚಿನ ರೆಸಾರ್ಟ್ ಮುಚ್ಚಿರುತ್ತವೆ. ಒರಾಂಗುಟಾನ್ ನೋಡಬೇಕಾದರೆ ಬೋರ್ನಿಯೊ ಕಡೆಯ ಸಬಾಗೆ, ಸೆಪಿಲೋಕ್‌ಗೆ ಹೋಗಬೇಕು. ಅದನ್ನು ಈ ಪ್ರವಾಸಕ್ಕೆ ತುರುಕಬೇಡಿ, ಬೇರೆಯೇ ಪ್ರವಾಸ ಮಾಡಿ. ಸಬಾ, ಸರವಾಕ್ ರಾಜ್ಯಗಳಿಗೆ ಕೌಲಾಲಂಪುರದಿಂದ ಹೋದರೂ ಪಾಸ್‌ಪೋರ್ಟ್ ತಪಾಸಣೆ ಇದೆ.

ಮತ್ತೆ ಹೋದರೆ ನನ್ನ ದಾರಿ ಹೀಗೆ: ವಿಮಾನ ನಿಲ್ದಾಣದಿಂದ ಮಲಾಕಾಗೆ ಬಸ್, ಎರಡು ರಾತ್ರಿ. ಅಲ್ಲಿಂದ ಕೌಲಾಲಂಪುರಕ್ಕೆ ಬಸ್, ಸುಮಾರು ಎರಡು ಗಂಟೆ, ಮೂರು ರಾತ್ರಿ. ರೈಲಿನಲ್ಲಿ ಪೆನಾಂಗ್, ಮೂರು ರಾತ್ರಿ. ಅಲ್ಲಿಂದ ಒಂದು ಗಂಟೆಯ ವಿಮಾನದಲ್ಲಿ ಸೆಪಾಂಗ್‌ಗೆ ವಾಪಸ್, ಅಲ್ಲಿಂದಲೇ ಮನೆಗೆ. ಎರಡು ವಿಮಾನಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ. ಅಲ್ಲಿ ಟರ್ಮಿನಲ್ ಎರಡಿವೆ, ಒಂದರಿಂದ ಇನ್ನೊಂದಕ್ಕೆ ನಡೆಯಲಾಗದು, ರೈಲಿನಲ್ಲಿ ಹೋಗಬಹುದು. ಟಿಕೆಟ್ 2 ರಿಂಗಿಟ್. ಇದ್ದಬದ್ದ ರಿಂಗಿಟ್ಟನ್ನೆಲ್ಲ ಕೊನೆಯ ಚೆಂಡೋಲ್‌ಗೆ ಸುರಿಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.