ಕ್ರೈಸ್ತ ಸಭೆಯೊಳಗಿಂದ ಆಪ್ತಸಮಾಲೋಚಕರಾಗಲು ಹೊರಟವರಿಗೆ

ಬೆಳಗಾವಿ, ಬಾಗಲಕೋಟೆ ಕಡೆ ಆಪ್ತಸಮಾಲೋಚನೆ ಕಲಿಯಬೇಕೆನ್ನುವ ಧರ್ಮಭಗಿನಿಯರು, ಉಪದೇಶಿಗಳು, ಪಾಸ್ಟರ್‌ಗಳ ಮನೆಯವರು ಮೊದಲು ಕೇಳುವುದು ಕೋರ್ಸಿನ ಬಗ್ಗೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನಿಜವಾದ ಕಷ್ಟ ಆಮೇಲೆ ಇದೆ.

'ಕ್ಲಿನಿಕಲ್ ಸೈಕಾಲಜಿಸ್ಟ್' ಎಂದು ಬೋರ್ಡು ಹಾಕಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು; ಸಭೆಯ ತರಬೇತಿಯಿಂದ ಅದು ಬರುವುದಿಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡುವುದಾದರೆ ಕಾಲೇಜಿಗೆ ಹೋಗಿಯೇ ಮಾಡಿ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಕೊಡುವುದನ್ನು ಯುಜಿಸಿ ನಿಲ್ಲಿಸಿದೆ. ನಮ್ಮ ಭಾಗದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹತ್ತಿರ.

ಕ್ರೈಸ್ತ ಪರಂಪರೆಯದೇ ಆದ ತರಬೇತಿ ಎಂದರೆ ಸಿ.ಪಿ.ಇ., ಕ್ಲಿನಿಕಲ್ ಪ್ಯಾಸ್ಟೋರಲ್ ಎಜುಕೇಶನ್; ಆಸ್ಪತ್ರೆಯಲ್ಲಿ ರೋಗಿಗಳ ಜತೆಗಿದ್ದು ಆತ್ಮಿಕ ಆರೈಕೆ ಕಲಿಯುವುದು. 1925ರಲ್ಲಿ ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದೊಯ್ದು ಇದನ್ನು ಆರಂಭಿಸಿದರು. ಅವರು ಸ್ವತಃ ಮನೋರೋಗಿಯಾಗಿ ಆಸ್ಪತ್ರೆಯಲ್ಲಿ ಇದ್ದು ಬಂದವರು. ಅಮೆರಿಕದ ಮಾದರಿಯಲ್ಲಿ ಒಂದು ಯೂನಿಟ್ ಎಂದರೆ ಕನಿಷ್ಠ 400 ಗಂಟೆ. ಅದರಲ್ಲಿ 100 ಗಂಟೆ ಗುಂಪಿನಲ್ಲೂ ಮೇಲ್ವಿಚಾರಕರ ಎದುರಿನಲ್ಲೂ ಕೂತು ಕಲಿಯುವುದು, ಉಳಿದದ್ದು ರೋಗಿಗಳ ಜತೆ. ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆ, ವೆಲ್ಲೂರಿನ ಸಿ.ಎಂ.ಸಿ.ಗಳಲ್ಲಿ ಈ ಪದ್ಧತಿಯ ತರಬೇತಿ ಇದೆ. ಎರಡು ದಿನದ ಶಿಬಿರದ ಸರ್ಟಿಫಿಕೇಟ್ ಹಿಡಿದು ಯಾರ ಮುಂದೆಯೂ ಸಮಾಲೋಚಕರಾಗಿ ಕೂರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಕಷ್ಟ ಕೇಳಿಸಿಕೊಳ್ಳುವುದು. ಅದನ್ನು ಕಲಿಸುವ 'ವರ್ಬೇಟಿಮ್' ಈ ತರಬೇತಿಯ ಜೀವಾಳ. ರೋಗಿಯ ಜತೆ ಆಡಿದ ಮಾತನ್ನು ಅದೇ ದಿನ, ನೆನಪಿನಿಂದ, ಆಡಿದ ಹಾಗೆಯೇ ಸಾಲಿಗೆ ಸಂಖ್ಯೆ ಹಾಕಿ ಬರೆಯಬೇಕು. ಹೆಸರು, ಊರು ಬದಲಿಸಬೇಕು. ಮೌನ, ಅಳು, ನರ್ಸ್ ನಡುವೆ ಬಂದದ್ದು ಎಲ್ಲ ಬರಬೇಕು. ಕೊನೆಯಲ್ಲಿ ನಿಮಗೆ ಆಗ ಏನನ್ನಿಸಿತು ಎಂಬುದು. ಒಂದು ಮಾದರಿ ನೋಡಿ:

ರೋಗಿ 1: ಆಪರೇಶನ್ ಆದಮ್ಯಾಲ ನಿದ್ದಿನ ಬರವಲ್ತುರಿ. ದೇವರು ನನ್ನ ಮರತಾನ ಅನಸ್ತೈತಿ.
ಕಲಿಯುವವರು 1: ಹಂಗ ಅನಬ್ಯಾಡ್ರಿ ಅಕ್ಕಾರ, ದೇವರು ಯಾರನ್ನೂ ಮರಿಯಂಗಿಲ್ಲ. ಪ್ರಾರ್ಥನಾ ಮಾಡೂಣ್ರಿ?
ರೋಗಿ 2: ಹೂಂನ್ರಿ.

ಆ 'ಹೂಂನ್ರಿ' ಆದಮೇಲೆ ಅಕ್ಕ ಮತ್ತೇನೂ ಹೇಳುವುದಿಲ್ಲ. ಮೇಲ್ವಿಚಾರಕರು ಇಲ್ಲಿ ಬೆರಳಿಟ್ಟು ಕೇಳುತ್ತಾರೆ: ಪ್ರಾರ್ಥನೆಯಿಂದ ಯಾರ ಸಂಕಟ ಇಳಿಯಿತು, ಅವರದೋ ನಿಮ್ಮದೋ? ಆ ಅಕ್ಕ ಆಡಿದ್ದು ದೂರು. ದೂರಿಗೆ ಬೈಬಲ್‌ನಲ್ಲೇ ಜಾಗ ಇದೆ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. "ಮರತಾನ ಅನಸ್ತೈತಿ ಅಂದ್ರಿ. ಯಾವಾಗಿಂದ ಹಂಗ ಅನಸಾಕತ್ತೈತ್ರಿ?" ಎಂದು ಕೇಳಿದ್ದರೆ ಮಾತು ಮುಂದುವರಿಯುತ್ತಿತ್ತು. ಪ್ರಾರ್ಥನೆ ಬೇಡವೆಂದಲ್ಲ. ಅವರು ಕೇಳಿದಾಗ, ಅವರು ಹೇಳಿದ ಮಾತನ್ನೇ ಸೇರಿಸಿ, ಕೊನೆಯಲ್ಲಿ ಮಾಡಬೇಕು. ವಚನವೂ ಹಾಗೆಯೇ. 1 ಅರಸು 19ರಲ್ಲಿ ಸಾಯಬೇಕು ಎಂದು ಮಲಗಿದ ಎಲೀಯನಿಗೆ ದೂತ ಎರಡು ಸಲ ಊಟ ಕೊಡುತ್ತಾನೆ, ನಡುವೆ ಮಲಗಲು ಬಿಡುತ್ತಾನೆ. ದೇವರ ಪ್ರಶ್ನೆ ಬರುವುದು ಅದಾದ ಮೇಲೆ. ನಿದ್ದೆ, ಊಟ ಕೇಳದೆ ಆತ್ಮದ ಮಾತಿಗೆ ಇಳಿಯುವವರಿಗೆ ನಾನು ಈ ಅಧ್ಯಾಯವನ್ನೇ ಓದಲು ಹೇಳುತ್ತೇನೆ.

ಎರಡನೆಯ ಕಷ್ಟ ಗುಟ್ಟಿನದು. ಪಾಪನಿವೇದನೆಯ ಮುದ್ರೆಯನ್ನು, ಅಂದರೆ ಅಲ್ಲಿ ಕೇಳಿದ್ದರ ಗುಟ್ಟನ್ನು, ಯಾಜಕರು ಯಾವ ಕಾರಣಕ್ಕೂ ಮುರಿಯುವಂತಿಲ್ಲ (ಕಥೋಲಿಕ ಸಭೆಯ ಕಾನೂನು, ಕ್ಯಾನನ್ 983). ಸಮಾಲೋಚನೆಯ ಗೋಪ್ಯತೆಗೆ ಮಿತಿ ಇದೆ: ಜೀವಕ್ಕೆ ಅಪಾಯವಿದ್ದರೆ ಹೇಳಬೇಕು, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಆರೋಪಿ ಸಭೆಯ ಹಿರಿಯರೇ ಆಗಿದ್ದರೂ. ಇದನ್ನು ಮೊದಲ ದಿನವೇ, ಅವರು ಬಾಯಿ ಬಿಡುವ ಮೊದಲೇ ಹೇಳಿ. ಒಬ್ಬರೇ ವ್ಯಕ್ತಿ ಒಂದೇ ಮನೆಯವರಿಗೆ ಪಾಪನಿವೇದನೆಯನ್ನೂ ಕೇಳಿ ಸಮಾಲೋಚನೆಯನ್ನೂ ಮಾಡಬಾರದು. ಇನ್ನು ಗುಟ್ಟು ಹೆಚ್ಚಾಗಿ ಸೋರುವುದು ಪ್ರಾರ್ಥನಾ ಕೋರಿಕೆಯ ರೂಪದಲ್ಲಿ. "ಒಂದು ಕುಟುಂಬಕ್ಕಾಗಿ ಪ್ರಾರ್ಥಿಸಿ, ಗಂಡ ಕುಡಿತಾನ" ಎಂದು ವಾಟ್ಸಾಪ್ ಗುಂಪಿಗೆ ಹಾಕಿದರೆ ಸಣ್ಣ ಊರಿನಲ್ಲಿ ಆ ಮನೆ ಯಾವುದೆಂದು ಎಲ್ಲರಿಗೂ ತಿಳಿಯುತ್ತದೆ. ಆ ಹೆಣ್ಣುಮಗಳು ಮತ್ತೆ ಬರುವುದಿಲ್ಲ.

ಭಕ್ತಿಯ ವೇಷದಲ್ಲಿ ಬರುವ ಕಾಯಿಲೆಯನ್ನು ಗುರುತಿಸಲು ತರಬೇತಿಯಲ್ಲಿ ಸಾಕಷ್ಟು ಸಮಯ ಕೊಡಬೇಕು. ಒಬ್ಬ ಯುವಕ ಒಂದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸುತ್ತಾನೆ, ಕ್ಷಮೆಯಿಲ್ಲದ ಪಾಪ ಮಾಡಿದ್ದೇನೆಂದು ನಡುಗುತ್ತಾನೆ. 'ಕ್ಷಮೆ ಸಿಕ್ಕಿದೆ' ಎಂದು ಎಷ್ಟು ಸಲ ಹೇಳಿದರೂ ಸ್ವಲ್ಪ ಹೊತ್ತಿನಲ್ಲೇ ಅನುಮಾನ ತಿರುಗಿ ಬರುತ್ತದೆ. ಇದು ಒ.ಸಿ.ಡಿ. (ಬೇಡವೆಂದರೂ ಒಂದೇ ಯೋಚನೆ, ಒಂದೇ ಕ್ರಿಯೆ ಮರಳಿ ಮರಳಿ ಬರುವ ಕಾಯಿಲೆ) ಇರಬಹುದು, ಮತ್ತು ನಾವು ಕೊಡುವ ಪ್ರತಿ ಭರವಸೆಯೂ ಆ ಚಕ್ರಕ್ಕೇ ಕೀಲೆಣ್ಣೆಯಾಗುತ್ತದೆ. ಅವನ ಒಪ್ಪಿಗೆ ಪಡೆದು, ಯಾಜಕರ ಜತೆ ಮಾತಾಡಿ, ಒಬ್ಬರೇ ಪಾಪನಿವೇದನೆ ಕೇಳುವಂತೆ, ಗೊತ್ತುಮಾಡಿದ ದಿನ ಮಾತ್ರ, ಹೇಳಿದ ಪಾಪ ಮತ್ತೆ ಹೇಳದಂತೆ ಗೊತ್ತುಪಡಿಸಿಕೊಳ್ಳಿ, ಮನೋವೈದ್ಯರಿಗೆ ಕಳಿಸಿ. ಔಷಧಿಯೂ, ಭಯವನ್ನು ಎದುರಿಸುತ್ತ, ಅದನ್ನು ಇಳಿಸಲು ಮತ್ತೆ ಮತ್ತೆ ಮಾಡುವ ಕ್ರಿಯೆಯನ್ನು ತಡೆಯುವ ಚಿಕಿತ್ಸೆಯೂ ಇದಕ್ಕೆ ಇವೆ.

ಉಪವಾಸ ಪ್ರಾರ್ಥನೆಯ ಬಗ್ಗೆ ಒಂದು ಮಾತು, ಇದನ್ನು ಎಲ್ಲ ಪಾಸ್ಟರ್‌ಗಳೂ ತಿಳಿದಿರಬೇಕು. ಬೈಪೋಲಾರ್ ಕಾಯಿಲೆಗೆ (ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಲಿಥಿಯಂ ಗುಳಿಗಿ ತೆಗೆದುಕೊಳ್ಳುವವರು ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ನೀರು, ಉಪ್ಪು ಬಿಟ್ಟು ಉಪವಾಸ ಕೂತರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು ಕಂಡರೆ ಅದು ಆತ್ಮದ ಹೋರಾಟವಲ್ಲ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಇಡೀ ರಾತ್ರಿಯ ಜಾಗರಣೆ ಪ್ರಾರ್ಥನೆಯೂ ಇವರಿಗೆ ಆಗದು; ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತದೆ. ವಿಶ್ವಾಸ ಇದ್ದರೆ ಗುಳಿಗಿ ಯಾಕೆ ಎಂದು ವೇದಿಕೆಯಿಂದ ಹೇಳುವವರನ್ನು ನಯವಾಗಿ, ಆದರೆ ಸ್ಪಷ್ಟವಾಗಿ ತಡೆಯಿರಿ.

ಸಾಯುವ ವಿಚಾರವನ್ನು ನೇರವಾಗಿ ಕೇಳಲು ಕಲಿಯಬೇಕು. ಕೇಳಿದರೆ ಆ ವಿಚಾರ ತಲೆಗೆ ಬಂದುಬಿಡುತ್ತದೆ ಎಂಬ ಭಯ ಸುಳ್ಳು. ಖಿನ್ನತೆಯನ್ನು ಅಳೆಯುವ ಪಿ.ಎಚ್.ಕ್ಯೂ.-9 ಪ್ರಶ್ನಾವಳಿಯಲ್ಲಿ ಒಂಬತ್ತನೆಯ ಪ್ರಶ್ನೆ ಇದೇ. ಒಟ್ಟು 27ಕ್ಕೆ ಅಂಕ ಎಷ್ಟೇ ಕಡಿಮೆ ಬರಲಿ, ಒಂಬತ್ತನೆಯದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಅಲ್ಲೇ ನಿಂತು ವಿಚಾರಿಸಿ: ಹೇಗೆ ಅಂತ ಯೋಚಿಸಿದ್ದೀರಾ, ಯಾವಾಗ, ಅದು ಕೈಗೆ ಸಿಗುವಂತಿದೆಯಾ? ತಿಕೋಟಾದ ದ್ರಾಕ್ಷಿ ತೋಟದವರ ಮನೆಯಲ್ಲಾಗಲಿ ಚಿಕ್ಕೋಡಿಯ ಕಬ್ಬಿನ ರೈತರ ಮನೆಯಲ್ಲಾಗಲಿ ಎಣ್ಣಿ (ಕೀಟನಾಶಕ) ಡಬ್ಬಿ ಎಲ್ಲಿದೆ ಎಂದು ಕೇಳಲೇಬೇಕು. ಅವತ್ತೇ ಅದನ್ನು ಮನೆಯಿಂದ ಸಾಗಿಸಿ ನಂಬಿಕೆಯ ಸಂಬಂಧಿಕರ ಹತ್ತಿರ ಬೀಗದಲ್ಲಿ ಇಡಿಸಿ, ಆ ರಾತ್ರಿ ಜತೆಗೆ ಯಾರಿರುತ್ತಾರೆ ಎಂದು ಹೆಸರು ಹಿಡಿದು ಗೊತ್ತುಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆತ್ಮಹತ್ಯೆ ಪಾಪವೆಂಬ ಬೋಧನೆಗೆ ಇದು ಹೊತ್ತಲ್ಲ. ಅದನ್ನು ಕೇಳಿಸಿಕೊಂಡವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೋ ಕಳಿಸುವಾಗ ಚೀಟಿ ಅರ್ಧ ಪುಟ ಸಾಕು: ಯಾವಾಗಿಂದ, ಏನೇನು ಬದಲಾಗಿದೆ, ನಿದ್ದೆ, ಊಟ, ಕುಡಿತ, ಜೀವದ ಅಪಾಯ ಇದೆಯೋ ಇಲ್ಲವೋ, ಈಗ ನುಂಗುತ್ತಿರುವ ಗುಳಿಗಿಗಳ ಹೆಸರು. ರೋಗದ ಹೆಸರು ನೀವು ಬರೆಯಬೇಡಿ. ಹಳೆಯ ಚೀಟಿಗಳನ್ನೆಲ್ಲ ಒಯ್ಯಲು ಹೇಳಿ, ರಾತ್ರಿ ಅದೇ ಮನೆಯಲ್ಲಿ ಮಲಗುವವರೊಬ್ಬರನ್ನು ಜತೆಗೆ ಕಳಿಸಿ. ಮುಂದಿನ ವಾರದ ನಿಮ್ಮ ಭೇಟಿಯ ದಿನವನ್ನೂ ಅದೇ ಚೀಟಿಯ ಹಿಂದೆ ಬರೆದುಕೊಡಿ, ಇಲ್ಲದಿದ್ದರೆ ಸಭೆ ತಮ್ಮನ್ನು ಸಾಗಹಾಕಿತು ಎಂದುಕೊಳ್ಳುತ್ತಾರೆ.